ಏಪ್ರಿಲ್ ನೆನಪಿಟ್ಟು ಹುಲ್ಲು ಆಯ್ದುಕೊಳ್ಳಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಅಂಗಳಕ್ಕೆ ನಾಡಹುಲ್ಲುಗಳ ಹೋಲಿಕೆ

ಮನೆ ಮುಂದಿನ ಖಾಲಿ ಜಾಗಕ್ಕೆ ಲಾನ್ ಹಾಕಿಸಬೇಕೆನ್ನುವವರು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನರ್ಸರಿಗೆ ಹೋಗುತ್ತಾರೆ. ಆಗ ಎಲ್ಲ ಹುಲ್ಲೂ ಹಸಿರಾಗಿಯೇ ಇರುತ್ತದೆ. ಯಾವುದು ನಮ್ಮ ಕಡೆಗೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದು ಗೊತ್ತಾಗುವುದು ಏಪ್ರಿಲ್ ಕೊನೆಯ ವಾರ, ಬಿಸಿಲು 40 ಡಿಗ್ರಿ ದಾಟಿ ಬೋರಿನ ನೀರು ಸಣ್ಣಗಾದಾಗ. ಆದ್ದರಿಂದ ಇಲ್ಲಿ ಪ್ರತಿ ಹುಲ್ಲನ್ನೂ ಏಪ್ರಿಲ್ಲಿನ ಲೆಕ್ಕದಲ್ಲೇ ತೂಗಿದೆ.

ತೂಗಿರುವುದು ಮುಖ್ಯವಾಗಿ ನಾಲ್ಕನ್ನು: ಗರಿಕೆ, ಅಂಜನ್ ಹುಲ್ಲು, ಮಾರ್ವೆಲ್ ಹುಲ್ಲು, ಮತ್ತು ಹುಲ್ಲಲ್ಲದಿದ್ದರೂ ನೆಲ ಮುಚ್ಚುವ ಜಲಪಿಪ್ಪಲಿ. ನರ್ಸರಿಯ ಕಾರ್ಪೆಟ್ ಲಾನನ್ನು ಅಳತೆಗೋಲಾಗಿ ಜೊತೆಗಿಟ್ಟುಕೊಳ್ಳೋಣ.

ಮೊದಲು ಅಂಗಳವನ್ನು ಅಳೆಯಿರಿ

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರಿಗೆ ಒಂದು ಲೀಟರ್ ಹಾಕಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಒಂದು ಗುಂಟೆ ಎಂದರೆ 1,089 ಚದರ ಅಡಿ, ಸುಮಾರು 100 ಚದರ ಮೀಟರ್. ನಮ್ಮ ಬೇಸಿಗೆಯಲ್ಲಿ ಲಾನ್ ಹಚ್ಚಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ಹತ್ತಿರ ಹತ್ತಿರ 5 ಮಿ.ಮೀ. ಬೇಕು. ಅಂದರೆ ಗುಂಟೆಗೆ ದಿನಕ್ಕೆ 500 ಲೀಟರ್, ತಿಂಗಳಿಗೆ 15,000 ಲೀಟರ್: 5,000 ಲೀಟರಿನ ಮೂರು ಟ್ಯಾಂಕರ್. ಮಾರ್ಚಿನಿಂದ ಜೂನ್ ಮೊದಲ ವಾರದವರೆಗೆ ಇದನ್ನು ಹೊಂದಿಸುವ ಶಕ್ತಿ ನಿಮಗಿದ್ದರೆ ಮುಂದಿನದನ್ನು ಓದಬೇಕಾಗಿಲ್ಲ, ಯಾವ ಲಾನಾದರೂ ನಡೆಯುತ್ತದೆ. ಇಲ್ಲದಿದ್ದರೆ ಒಂದು ಮಾತಿಗೆ ಒಪ್ಪಬೇಕಾಗುತ್ತದೆ: ಬೇಸಿಗೆಯಲ್ಲಿ ಅಂಗಳದ ಬಣ್ಣ ಒಣ ಜೋಳದ ದಂಟಿನದು. ಹುಲ್ಲು ಸತ್ತಿರುವುದಿಲ್ಲ, ಬುಡದಲ್ಲಿ ಜೀವ ಹಿಡಿದು ಮಲಗಿರುತ್ತದೆ. ಈ ಬಣ್ಣವನ್ನು ಮನೆಯವರೆಲ್ಲ ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬೇಡವೆಂದು ಕಿತ್ತು ಹಾಕಿದ ನಾಡಹುಲ್ಲಿನ ಅಂಗಳಗಳಲ್ಲಿ ಹೆಚ್ಚಿನವು ಹಾಳಾದದ್ದು ರೋಗದಿಂದಲ್ಲ, ಈ ಮಾತು ಮೊದಲೇ ಆಗದ್ದರಿಂದ.

ಎರಡನೆಯದು ಮಣ್ಣು. ಎರೆಭೂಮಿಯೋ (ಕಪ್ಪು ಮಣ್ಣು), ಮಸಾರಿಯೋ (ಕೆಂಪು ಮಣ್ಣು), ಲೇಔಟಿನವರು ಸುರಿದ ಗರಸೋ ಎಂಬುದು ಕಣ್ಣಿಗೇ ಕಾಣುತ್ತದೆ. ಕಾಣದಿರುವುದು ಸವಳು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಾಲುವೆ ನೀರಿನ ಪ್ರದೇಶದಲ್ಲಿ, ಹಿಂದೆ ಭತ್ತದ ಗದ್ದೆಯಾಗಿದ್ದ ಸೈಟುಗಳಲ್ಲಿ, ಇದನ್ನು ನೋಡದೆ ಮುಂದುವರಿಯಬೇಡಿ. ಮೇಲೆ ಬಿಳಿ ಪುಡಿ ಕೂತಿದ್ದರೆ ಅದು ಉಪ್ಪಿನ ಸವಳು. ಪುಡಿಯಿಲ್ಲದೆ, ಮಳೆ ನಿಂತ ಎರಡು ದಿನಕ್ಕೂ ಕೆಸರು ನೀರು ಇಂಗದೆ ನಿಂತು, ಒಣಗಿದ ಮೇಲೆ ನೆಲ ಹೆಂಚಿನಂತೆ ಗಟ್ಟಿಯಾಗುತ್ತಿದ್ದರೆ ಅದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣು. ಇದಕ್ಕೊಂದು ಪರೀಕ್ಷೆಯಿದೆ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ತುಂಬಿ, ಬಟಾಣಿ ಗಾತ್ರದ ಒಣ ಹೆಂಟೆಯೊಂದನ್ನು ಮೆಲ್ಲಗೆ ಬಿಡಿ. ಅಲುಗಾಡಿಸಬೇಡಿ. ಹೆಂಟೆ ಪುಡಿಯಾಗಿ ತಳದಲ್ಲಿ ಕೂತು ನೀರು ತಿಳಿಯಾಗಿಯೇ ಉಳಿದರೆ ಚಿಂತೆಯಿಲ್ಲ. ಎರಡು ತಾಸಿನೊಳಗೆ ಹೆಂಟೆಯ ಸುತ್ತ ಹಾಲು ಬೆರೆತಂತೆ ಮೋಡ ಕಟ್ಟಿದರೆ ಆ ಮಣ್ಣು ಜಿಪ್ಸಂ ಕೇಳುತ್ತಿದೆ. ಎಷ್ಟು ಜಿಪ್ಸಂ ಎಂಬುದನ್ನು ಮಾತ್ರ ಊಹಿಸಬೇಡಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇಲ್ಲವೇ ಗಂಗಾವತಿ, ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ. ಬೋರಿನ ನೀರಿನ ಇ.ಸಿ. ಮಟ್ಟವನ್ನೂ (ನೀರಿನಲ್ಲಿ ಎಷ್ಟು ಉಪ್ಪಿದೆ ಎಂಬುದರ ಅಳತೆ, ಡೆಸಿಸೀಮೆನ್ಸ್/ಮೀಟರ್ ಲೆಕ್ಕದಲ್ಲಿ) ಅಲ್ಲಿಯೇ ನೋಡಿಸಿ. 2ಕ್ಕಿಂತ ಕಡಿಮೆ (ಟಿಡಿಎಸ್ ಲೆಕ್ಕದಲ್ಲಿ ಸುಮಾರು 1,300) ಇದ್ದರೆ ಇಲ್ಲಿ ಹೇಳುವ ಯಾವ ಹುಲ್ಲಾದರೂ ಬಾಳುತ್ತದೆ. 4 ದಾಟಿದರೆ ಹುಲ್ಲುಗಳಲ್ಲಿ ಗರಿಕೆಯೊಂದೇ ನಂಬಿಗಸ್ತ, ಅದೂ ನೀರು ಬಸಿದು ಹೋಗುವ ನೆಲದಲ್ಲಿ.

ಮೂರನೆಯದು ಬಳಕೆ: ಮಕ್ಕಳು ಓಡುವ ಜಾಗವೋ, ಕಣ್ಣಿಗೆ ತಂಪಾದರೆ ಸಾಕೋ, ಬರೀ ಧೂಳು ಏಳದಿದ್ದರೆ ಸಾಕೋ. ಸಂಡೂರು ಕಡೆಯ ಕೆಂಪು ಅದಿರು ಧೂಳು ಕಿಟಕಿ, ಕಟ್ಟೆಯ ಮೇಲೆ ಪದರಾಗಿ ಕೂರುವ ಊರುಗಳಲ್ಲಿ ಈ ಕೊನೆಯದೇ ದೊಡ್ಡ ಉಪಯೋಗ. ಅದಕ್ಕೆ ಹಸಿರೇ ಬೇಕಿಲ್ಲ, ಒಣಗಿ ನಿಂತ ಹುಲ್ಲಿನ ಬುಡವೂ ಮಣ್ಣನ್ನು ಹಿಡಿಯುತ್ತದೆ.

ಇನ್ನು ಹಾವು, ಚೇಳಿನ ಭಯ. ಎತ್ತರದ ಹುಲ್ಲು ಬೆಳೆಸಿ ಎಂದು ಹೇಳುವವರು ಇದನ್ನು ಮರೆಯಬಾರದು. ಯಾವ ಹುಲ್ಲೇ ಇರಲಿ, ಗೋಡೆಯಿಂದ ಒಂದೂವರೆ ಮೀಟರ್ ಪಟ್ಟಿಯಲ್ಲಿ ಪರಸಿ ಅಥವಾ ಜಲ್ಲಿ ಇರಲಿ, ಇಲ್ಲವೇ ಮೋಟಾಗಿ ಕತ್ತರಿಸಿದ ಗರಿಕೆ. ಗೇಟಿನಿಂದ ಬಾಗಿಲಿನ ದಾರಿಗೂ ಇದೇ ನಿಯಮ.

ಗರಿಕೆ: ಮಕ್ಕಳ ಕಾಲಿಗೆ ತಡೆಯುವುದು ಇದೊಂದೇ

ಗಣೇಶನ ಹಬ್ಬಕ್ಕೆ ಕಿತ್ತು ತರುವ ಕರಿಕಿಯೇ ಇದು. ನರ್ಸರಿಯಲ್ಲಿ 'ಬರ್ಮುಡಾ' ಎಂದು ಮಾರುವ ಲಾನ್ ಕೂಡ ಇದೇ ಜಾತಿಯ ಆಯ್ದ ತಳಿ ಇಲ್ಲವೇ ಇದರದೇ ಮಿಶ್ರ ತಳಿ. ಹೊಲದ ಬದುವಿನಲ್ಲಿ ಪುಕ್ಕಟೆ ಸಿಗುವ ಹುಲ್ಲನ್ನು ಇನ್ನೊಂದು ಹೆಸರಿನಲ್ಲಿ ಕೊಳ್ಳುವ ಮೊದಲು ಇದನ್ನು ನೆನಪಿಡಿ. ಆಯ್ದ ತಳಿಗಳ ಎಲೆ ಸಣ್ಣ, ನೋಟ ನಯ. ಆದರೆ ಆ ನಯ ಉಳಿಯಬೇಕಾದರೆ ವಾರಕ್ಕೊಮ್ಮೆ ಕತ್ತರಿಸಬೇಕು, ಗೊಬ್ಬರ ಕೊಡುತ್ತಲೇ ಇರಬೇಕು. ಬದುವಿನ ಗರಿಕೆ ಅಷ್ಟು ಕೇಳುವುದಿಲ್ಲ. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ 4–5 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ನವೆಂಬರಿನ ನಂತರ ಬಿಟ್ಟುಬಿಡಿ.

ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ 15 ಮಿ.ಮೀ. ಕೊಟ್ಟರೆ, ಅಂದರೆ ಗುಂಟೆಗೆ 1,500 ಲೀಟರ್, ಅರೆಹಸಿರು ಉಳಿಯುತ್ತದೆ. ಏನೂ ಕೊಡದಿದ್ದರೂ ಮೊದಲ ಮಳೆಗೆ ಚಿಗುರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಸಿಂಪಡಿಸುವ ರೂಢಿ ಮಾತ್ರ ಬೇಡ. ಗಡಸು ನೀರು ಮೇಲಿನ ಎರಡು ಇಂಚಿನಲ್ಲೇ ಆವಿಯಾಗಿ ಉಪ್ಪನ್ನು ಅಲ್ಲಿಯೇ ಬಿಡುತ್ತದೆ, ಬೇರೂ ಅಲ್ಲಿಯೇ ಉಳಿದು ಸುಡುತ್ತದೆ. ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಷ್ಟು ಹಾಕಿ.

ನೆಡಲು ಗುಂಟೆಗೆ 200 ಕೆ.ಜಿ. ಕಳಿತ ತಿಪ್ಪೆಗೊಬ್ಬರ ಸಾಕು. ಮೂರು ನಾಲ್ಕು ಗೆಣ್ಣಿರುವ ಬಳ್ಳಿ ತುಂಡುಗಳನ್ನು 15 ಸೆಂ.ಮೀ. ಅಂತರದಲ್ಲಿ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ. ಗುಂಟೆಗೆ ಸುಮಾರು 4,500 ತುಂಡು ಬೇಕು, ಇಬ್ಬರಿಗೆ ಎರಡು ದಿನದ ಕೆಲಸ. ಕಿತ್ತ ಬಳ್ಳಿಯನ್ನು ಒದ್ದೆ ಗೋಣಿಚೀಲದಲ್ಲಿ ನೆರಳಲ್ಲಿಟ್ಟು ಅದೇ ದಿನ ನೆಡಬೇಕು. ಬಿಸಿಲಿಗೆ ಒಂದು ಮಧ್ಯಾಹ್ನ ಬಿದ್ದಿದ್ದ ಬಳ್ಳಿಯಲ್ಲಿ ಅರ್ಧಕ್ಕರ್ಧ ಹಿಡಿಯುವುದಿಲ್ಲ. ಬಳ್ಳಿ ತರುವ ಜಾಗವನ್ನೂ ನೋಡಿ ಆರಿಸಿ. ಜೇಕು ಇರುವ ಬದುವಿನಿಂದ ತಂದರೆ ಅದರ ಗಡ್ಡೆಯೂ ಜೊತೆಗೆ ಬರುತ್ತದೆ, ಆಮೇಲೆ ಅದನ್ನು ಅಂಗಳದಿಂದ ಹೊರಗೆ ಹಾಕುವುದು ವರ್ಷಗಟ್ಟಲೆಯ ಕೆಲಸ.

ಗರಿಕೆಯ ದೋಷಗಳೂ ಸಣ್ಣವಲ್ಲ. ನೆರಳಲ್ಲಿ ಬಾರದು, ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು. ಬೇವಿನ ಮರದ ಕೆಳಗೆ ಎಷ್ಟು ಸಲ ನೆಟ್ಟರೂ ತೆಳ್ಳಗಾಗಿ ಹೋಗುತ್ತದೆ, ಅಲ್ಲಿ ಉದುರಿದ ಎಲೆಯನ್ನೇ ಹೊದಿಕೆಯಾಗಿ ಬಿಡುವುದು ಜಾಣತನ. ಇನ್ನೊಂದು, ಅದರ ಹರಡುವ ಗುಣ. ಹೂವಿನ ಮಡಿ, ಪಕ್ಕದವರ ಹೊಲ ಎಂಬ ಭೇದ ಅದಕ್ಕಿಲ್ಲ. ಅಂಚಿನುದ್ದಕ್ಕೂ 30 ಸೆಂ.ಮೀ. ಆಳಕ್ಕೆ ಪರಸಿ ಕಲ್ಲನ್ನು ನಿಲ್ಲಿಸಿ ಹೂಳಿ, ನೆಲದ ಮೇಲೂ ಎರಡು ಇಂಚು ಕಾಣುವಂತಿರಲಿ. ಪಕ್ಕದಲ್ಲಿ ಯಾರಾದರೂ ಮೆಣಸಿನಕಾಯಿ, ಹತ್ತಿ ಬೆಳೆಯುತ್ತಿದ್ದರೆ ಗರಿಕೆಯನ್ನು ಬೇಲಿಯವರೆಗೆ ತರಲೇಬೇಡಿ. ಅವರಿಗೆ ಅದು ಪೂಜೆಯ ಪತ್ರೆಯಲ್ಲ, ಕಸ.

ಮಾರ್ವೆಲ್: ಎರೆಮಣ್ಣಿಗೆ ಹುಟ್ಟಿದ ಹುಲ್ಲು

ಎರೆಭೂಮಿಯ ಬದುಗಳಲ್ಲಿ ಇದನ್ನು ನೀವು ನೋಡಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಗುರುತು ಹೀಗೆ: ದಂಟನ್ನು ಕೈಯಲ್ಲಿ ಹಿಡಿದು ಗೆಣ್ಣಿನ ಸುತ್ತ ನೋಡಿ. ಪ್ರತಿ ಗೆಣ್ಣಿಗೂ ಬಿಳಿ ಕೂದಲಿನ ಉಂಗುರ ತೊಡಿಸಿದಂತಿರುತ್ತದೆ. ತೆನೆ ಬೆರಳು ಬಿಡಿಸಿದಂತೆ, ತುಸು ನೇರಳೆ ಛಾಯೆ.

ಎರೆಮಣ್ಣಿನಲ್ಲಿ ಕಾರ್ಪೆಟ್ ಲಾನ್ ಸೋಲುವ ರೀತಿ ನೋಡಿದರೆ ಇದು ಯಾಕೆ ಬೇಕೆಂದು ತಿಳಿಯುತ್ತದೆ. ಕಾರ್ಪೆಟ್ ತುಂಡುಗಳು ಬರುವುದು ಕೆಂಪುಮಣ್ಣಿನ ಒಂದಿಂಚು ಪದರದ ಜೊತೆ. ಅದನ್ನು ಕಪ್ಪು ಮಣ್ಣಿನ ಮೇಲೆ ಹಾಸಿದರೆ ಎರಡರ ನಡುವೆ ಗೆರೆ ಕೊರೆದಂತೆ ಬೇರು ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕೆಳಗಿನ ಮಣ್ಣು ನೀರು ಹಿಡಿದು ಬೇರನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾರ್ಪೆಟ್ಟನ್ನೇ ಹರಿಯುತ್ತದೆ. ಮಾರ್ವೆಲ್ ಎರಡನ್ನೂ ತಾಳುತ್ತದೆ. ಕೆಲವು ದಿನ ನೀರು ನಿಂತರೂ ಸಾಯುವುದಿಲ್ಲ, ನೆಲ ಬಿರಿದಾಗ ಬೇರು ಆ ಬಿರುಕಿನ ಗೋಡೆಯಲ್ಲೇ ಇಳಿದಿರುತ್ತದೆ. ಸಾಧಾರಣ ಸವಳನ್ನೂ ಸಹಿಸುತ್ತದೆ.

ಬಿಟ್ಟರೆ ಮೊಣಕಾಲು, ಸೊಂಟದೆತ್ತರ ಬೆಳೆಯುತ್ತದೆ. ಆದರೆ ಮೇವಿನ ಹುಲ್ಲಾದ್ದರಿಂದ ಪದೇ ಪದೇ ಕತ್ತರಿಸಿದರೆ ಸಿಟ್ಟಾಗದು, ಪಕ್ಕಕ್ಕೆ ಬಾಗಿ ಗೆಣ್ಣಿನಲ್ಲಿ ಬೇರು ಬಿಡುತ್ತ ನೆಲ ಮುಚ್ಚುತ್ತದೆ. ವರ್ಷಕ್ಕೆ ಮೂರು ಕೊಯ್ಲು ಲೆಕ್ಕ: ಆಗಸ್ಟ್ ಕೊನೆ, ಅಕ್ಟೋಬರ್, ಮತ್ತೆ ಒಣಗಿದ ಮೇಲೆ ಜನವರಿ. ಪ್ರತಿ ಸಲವೂ 10 ಸೆಂ.ಮೀ. ಬುಡ ಬಿಡಬೇಕು. ಮೊದಲೆರಡು ಕೊಯ್ಲು ಒಳ್ಳೆಯ ಹಸಿ ಮೇವು. ಓಣಿಯಲ್ಲಿ ಎಮ್ಮೆ ಕಟ್ಟಿದವರಿದ್ದರೆ ಕುಡುಗೋಲು ಹಿಡಿದು ಅವರೇ ಬರುತ್ತಾರೆ, ನಿಮಗೆ ಆಳಿನ ಖರ್ಚು ಉಳಿಯುತ್ತದೆ. ಹಾಗೆಯೇ ಓಣಿಯ ಆಡು, ದನಕ್ಕೂ ಇದರ ರುಚಿ ಗೊತ್ತು. ಬೇಲಿಯಿಲ್ಲದ ಸೈಟಿನಲ್ಲಿ ಮೊದಲ ವರ್ಷ ಹಾಕಿದರೆ ಬುಡಸಮೇತ ಹೋಗುತ್ತದೆ.

ಬೀಜದಿಂದ ಎಬ್ಬಿಸುವುದಕ್ಕಿಂತ ಬೇರುಸಹಿತ ಬುಡ ಸೀಳಿ ನೆಡುವುದು ಖಾತ್ರಿ. ಒಂದು ದೊಡ್ಡ ಬುಡದಿಂದ 15–20 ಸೀಳು ಸಿಗುತ್ತವೆ. 30 ಸೆಂ.ಮೀ. ಅಂತರಕ್ಕೆ ಗುಂಟೆಗೆ ಸುಮಾರು 1,100 ಸೀಳು. ಖರ್ಚು ಉಳಿಸಬೇಕೆಂದರೆ 45 ಸೆಂ.ಮೀ. ಅಂತರದಲ್ಲಿ 500 ಸಾಕು. ಆದರೆ ನೆಲ ಮುಚ್ಚಲು ಇನ್ನೊಂದು ಮಳೆಗಾಲ ಕಾಯಬೇಕು, ಅಷ್ಟರಲ್ಲಿ ಕಸ ಎರಡು ಪಟ್ಟು. ಎಲೆಯನ್ನು ಒಂದು ಗೇಣಿಗೆ ಕತ್ತರಿಸಿಯೇ ನೆಡಿ, ಇಲ್ಲದಿದ್ದರೆ ಬೇರು ಹಿಡಿಯುವ ಮೊದಲೇ ಎಲೆ ನೀರನ್ನೆಲ್ಲ ಕಳೆಯುತ್ತದೆ.

ಕುಳಿತು ಹರಟುವ, ಮಕ್ಕಳು ಉರುಳಾಡುವ ಜಾಗಕ್ಕೆ ಮಾತ್ರ ಮಾರ್ವೆಲ್ ಬೇಡ. ಕತ್ತರಿಸಿದ ಬುಡ ಬರಿಗಾಲಿಗೆ ಚುಚ್ಚುತ್ತದೆ.

ಅಂಜನ್: ಗರಸು, ಮಸಾರಿ, ಇಳಿಜಾರು

ಬೋರಿಲ್ಲದ, ಇನ್ನೂ ಮನೆ ಕಟ್ಟದ, ಮೂರ್ನಾಲ್ಕು ವರ್ಷ ಹಾಗೇ ಬಿಡುವ ಸೈಟಿಗೆ ಇದಕ್ಕಿಂತ ಅಗ್ಗದ ಉತ್ತರವಿಲ್ಲ. ಬಿಟ್ಟರೆ ಅಲ್ಲಿ ಬರುವುದು ಪಾರ್ಥೇನಿಯಂ, ಆಮೇಲೆ ಬಳ್ಳಾರಿ ಜಾಲಿ. (ಅಮೆರಿಕ ಖಂಡದಿಂದ ಬಂದ ಆ ಮುಳ್ಳುಗಿಡಕ್ಕೆ ನಮ್ಮ ಜಿಲ್ಲೆಯ ಹೆಸರು ಅಂಟಿದ್ದು ನೋವಿನ ಸಂಗತಿ.) ಅಂಜನ್ ಬುಡಬುಡವಾಗಿ, ಎರಡು ಮೂರು ಅಡಿ ಎತ್ತರ ಬೆಳೆಯುವ, ನರಿಬಾಲದಂಥ ಮೆತ್ತನೆ ತೆನೆಯ ಹುಲ್ಲು. ನೀರು ನಿಲ್ಲದ ಹಗುರ ಮಣ್ಣು ಬೇಕು. ಎರೆಯಲ್ಲಿ ಮೊಳೆತ ಸಸಿ ಸೆಪ್ಟೆಂಬರಿನ ಜೋರು ಮಳೆಗೆ ಹಳದಿಯಾಗಿ ಕೂರುತ್ತದೆ. ಬೇರು ಹಿಡಿದ ಎರಡನೇ ವರ್ಷದಿಂದ ನೀರಿನ ಖರ್ಚು ಸೊನ್ನೆ.

ಎಡವುವುದು ಬೀಜದಲ್ಲಿ. ಹೊಸ ಬೀಜಕ್ಕೆ ನಿದ್ದೆ ಹೆಚ್ಚು, ಆರು ತಿಂಗಳಿಂದ ಒಂದು ವರ್ಷ ಒಣಗಿಸಿಟ್ಟದ್ದೇ ಚೆನ್ನಾಗಿ ಮೊಳೆಯುತ್ತದೆ. ಮೇವಿನ ಬೀಜದ ವಿಚಾರಕ್ಕೆ ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಅಲ್ಲಿ ಕೇಳಬಹುದು. ಎಲ್ಲಿಂದಲೇ ತಂದಿರಲಿ, ಬಿತ್ತುವ ಮೊದಲು 100 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತು ದಿನ ನೋಡಿ. 30 ಮೊಳೆತರೆ ಗುಂಟೆಗೆ 250 ಗ್ರಾಂ ಸಾಕು, 15 ಮಾತ್ರ ಮೊಳೆತರೆ ಅರ್ಧ ಕೆ.ಜಿ. ಹಾಕಿ. ಬೀಜ ಹತ್ತಿಯಂತೆ ಹಗುರ, ಆಷಾಢದ ಗಾಳಿಗೆ ಪಕ್ಕದ ಸೈಟಿಗೆ ಹಾರುತ್ತದೆ. ಅಳತೆಯಲ್ಲಿ ಐದು ಪಟ್ಟು ಒದ್ದೆ ಮರಳಿಗೆ ಬೆರೆಸಿ, ಗಾಳಿ ಏಳುವ ಮೊದಲು ಬೆಳಗಿನಲ್ಲೇ ಚೆಲ್ಲಿ. ಮೇಲೆ ಬೇವಿನ ಟೊಂಗೆಯೊಂದನ್ನು ಎಳೆದರೆ ಬೇಕಾದಷ್ಟು ಮಣ್ಣು ಮುಚ್ಚುತ್ತದೆ. ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದ ಬೀಜದ ಆಸೆ ಬಿಡಿ. ಕುಂಟೆ ಹೊಡೆಯಬೇಡಿ.

ಒಣಗಿದ ಅಂಜನ್ ಬೆಂಕಿಗೆ ಹೆದರಬೇಕಾದ ಹುಲ್ಲು. ಹೋಳಿ ಹಬ್ಬಕ್ಕೆ ಮೊದಲೇ ಒಂದು ಗೇಣಿಗೆ ಕತ್ತರಿಸಿ ಸಾಗಿಸಿ, ರಸ್ತೆ ಬದಿಯಲ್ಲಿ ಎರಡು ಮೀಟರ್ ಪಟ್ಟಿ ಬರಿದಾಗಿಡಿ. ಕಸಕ್ಕೆ ಬೆಂಕಿ ಹಚ್ಚುವ ಓಣಿಯಾದರೆ ಅಂಜನ್ ಬಿಟ್ಟು ಗರಿಕೆಯನ್ನೇ ಆರಿಸಿ.

ಅಂಜನ್ ಎಂದುಕೊಂಡು ಅದರ ಹತ್ತಿರದ ನೆಂಟನ, ಬಟ್ಟೆಗೆ ಕಚ್ಚಿ ಹಿಡಿಯುವ ಮುಳ್ಳುಬೀಜದ ಹುಲ್ಲನ್ನು ತರಬೇಡಿ. ತೆನೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದಾಗ ರೇಷ್ಮೆಯಂತೆ ಜಾರಿದರೆ ಅಂಜನ್, ಬೆರಳಿಗೆ ಅಂಟಿ ಚುಚ್ಚಿದರೆ ಅಲ್ಲ. ಗುಡ್ಡದ ಮೇಲೆ ಸಿಗುವ, ಕಪ್ಪು ಊಬಿನ ಈಟಿಯಂಥ ಬೀಜದ ಹುಲ್ಲೂ ಅಂಗಳಕ್ಕೆ ಬೇಡ. ಆ ಊಬು ತೇವಕ್ಕೆ ತಿರುಚಿಕೊಳ್ಳುತ್ತ ಬೀಜವನ್ನು ಮಣ್ಣಿಗೆ ತಿರುಪಿನಂತೆ ಇಳಿಸುತ್ತದೆ. ಅದು ಕಾಲ್ಚೀಲಕ್ಕೆ, ನಾಯಿಯ ಚರ್ಮಕ್ಕೆ ಇಳಿಯುವುದೂ ಹಾಗೆಯೇ.

ಜಲಪಿಪ್ಪಲಿ: ಸಣ್ಣ ಜಾಗಕ್ಕೆ ಮಾತ್ರ

ಕೆರೆಯಂಗಳ, ಕಾಲುವೆ ದಂಡೆಯಲ್ಲಿ ಹಬ್ಬುವ ಬಳ್ಳಿ. ಎತ್ತರ ಮೂರು ಇಂಚು ಮೀರದು, ಕತ್ತರಿಸುವ ಕೆಲಸ ಇಲ್ಲವೆನ್ನಬಹುದು, ಸವಳಿಗೂ ಹೆದರದು. 20 ಸೆಂ.ಮೀ. ಅಂತರದಲ್ಲಿ ಬೇರಿದ್ದ ತುಂಡು ನೆಟ್ಟರೆ ಒಂದು ಮಳೆಗಾಲಕ್ಕೆ ಕೂಡಿಕೊಳ್ಳುತ್ತದೆ. ಆದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ನೀರು ಕೇಳುತ್ತದೆ. ಆದ್ದರಿಂದ ಬಚ್ಚಲ ನೀರು ಹೋಗುವ ಹತ್ತು ಹದಿನೈದು ಚದರ ಮೀಟರಿಗೆ ಅದು ಸರಿ, ಗುಂಟೆಗಟ್ಟಲೆ ಬೇಡ. ಸ್ನಾನದ ನೀರು ಮಾತ್ರ ಬಿಡಿ. ಬಟ್ಟೆ ಒಗೆದ ಸೋಪಿನ ನೀರಿನ ಸೋಡಿಯಂ ಎರೆಮಣ್ಣನ್ನು ಕೆಡಿಸುತ್ತದೆ. ಹೂವಿಗೆ ಜೇನ್ನೊಣ ತುಂಬಿ ಬರುತ್ತವೆ, ಬರಿಗಾಲಿನ ಮಕ್ಕಳಿರುವ ಮನೆಯಲ್ಲಿ ಇದನ್ನು ಓಡಾಟದ ದಾರಿಯಿಂದ ದೂರವಿಡಿ.

ಹಾಗಾದರೆ ಯಾವುದು?

ಒಂದೇ ಹುಲ್ಲನ್ನು ಇಡೀ ಜಾಗಕ್ಕೆ ಹಾಕಬೇಕೆಂಬ ಹಟ ಬಿಟ್ಟರೆ ನಿರ್ಧಾರ ಹಗುರಾಗುತ್ತದೆ. ಎರಡು ಗುಂಟೆಯ ಎರೆಮಣ್ಣಿನ ಸೈಟು, ಸಣ್ಣ ಬೋರು, ಇಬ್ಬರು ಮಕ್ಕಳು ಎಂದಿಟ್ಟುಕೊಳ್ಳಿ. ಕಟ್ಟೆಯ ಮುಂದೆ 15 ಚದರ ಮೀಟರ್ ಗರಿಕೆಯನ್ನು ಬೇಸಿಗೆಯಲ್ಲೂ ಹಸಿರಾಗಿಡಿ. ದಿನಕ್ಕೆ 75 ಲೀಟರ್, ಐದಾರು ಕೊಡ. ಅದರಾಚೆ 50 ಚದರ ಮೀಟರ್ ಆಟದ ಗರಿಕೆ, ಹತ್ತು ದಿನಕ್ಕೊಮ್ಮೆ ನೀರು. ಉಳಿದದ್ದು ಮಾರ್ವೆಲ್, ನೀರಿಲ್ಲ. ಇದೇ ಸೈಟು ಮಸಾರಿಯಲ್ಲಿದ್ದರೆ ಮಾರ್ವೆಲ್ ಜಾಗಕ್ಕೆ ಅಂಜನ್. ಮಳೆನೀರು ಕೊರೆಯುವ ಇಳಿಜಾರಿನ ಅಂಚಿಗೆ 15 ಸೆಂ.ಮೀ. ಅಂತರದಲ್ಲಿ ಒಂದು ಸಾಲು ಲಾವಂಚ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲ ವರ್ಷ ಗರಿಕೆಯ ಭಾಗವನ್ನಷ್ಟೇ ಮಾಡಿ, ಉಳಿದ ಕಡೆ ಬರುವ ಪಾರ್ಥೇನಿಯಂ, ನೆಗ್ಗಿಲನ್ನು ಹೂ ಬಿಡುವ ಮೊದಲು ಕೀಳುತ್ತಿರಿ. ಎರಡನೇ ವರ್ಷ ನೆಡುವ ಹೊತ್ತಿಗೆ ಕಸದ ಬೀಜ ಎಷ್ಟೋ ಕರಗಿರುತ್ತದೆ.

ಶಾಲೆ, ಕಾಲೇಜು, ಕಾರ್ಖಾನೆಯ ಎಕರೆಗಟ್ಟಲೆ ಜಾಗ ನೋಡಿಕೊಳ್ಳುವವರಿಗೆ ಒಂದು ಕೋರಿಕೆ. ಮೂರರಲ್ಲೊಂದು ಪಾಲನ್ನಾದರೂ ಬೀಜ ಉದುರುವವರೆಗೆ ಕತ್ತರಿಸದೆ ಬಿಡಿ. ಸಿರುಗುಪ್ಪದ ಎರೆಯ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಕೊಪ್ಪಳ ಜಿಲ್ಲೆಯ ಬಂಕಾಪುರದ ತೋಳ ಬದುಕಿರುವುದು ಬಯಲುಸೀಮೆಯ ಇಂಥ ಹುಲ್ಲು, ಕುರುಚಲಿನ ನೆಲದಲ್ಲೇ. ಅವು ನಿಮ್ಮ ಆವರಣಕ್ಕೆ ಬರಲಾರವು, ಆದರೆ ನೆಲದಲ್ಲಿ ಗೂಡು ಕಟ್ಟುವ ಗೌಜಲಕ್ಕಿಗೆ ಅಷ್ಟು ಜಾಗ ಸಾಕು.

ಯಾವಾಗ, ಹೇಗೆ

ಮೊದಲ ಮಳೆಗೇ ನೆಡುವ ಆತುರ ಹೆಚ್ಚಿನವರನ್ನು ಸೋಲಿಸುತ್ತದೆ. ಮಿರಗದ ಮಳೆಗೆ ಕಸ ಮೊಳೆಯಲು ಬಿಡಿ, ಎರಡೆಲೆಯಾದಾಗ ಮೇಲ್ಮಣ್ಣನ್ನಷ್ಟೇ ಕೆರೆದು ತೆಗೆಯಿರಿ. ಆರಿದ್ರಾ ಮಳೆಯ ನಂತರ ಮತ್ತೊಮ್ಮೆ ಹಾಗೇ ಮಾಡಿ. ಆಳಕ್ಕೆ ಅಗೆದರೆ ಕೆಳಗಿನ ಬೀಜವೆಲ್ಲ ಮೇಲೆ ಬಂದು ಮೊದಲಿನಿಂದ ಶುರು. ಪುಷ್ಯದಿಂದ ಮಘೆಯವರೆಗೆ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯೊಳಗೆ, ನೆಟ್ಟು ಮುಗಿಸಿ. ಆಗ ಹುಬ್ಬೆ, ಉತ್ತರೆಯ ಮಳೆ ಸಸಿಗೆ ಸಿಗುತ್ತದೆ. ನೆಟ್ಟ ಮೊದಲ ಮೂರು ವಾರ ಮಳೆ ತಪ್ಪಿದರೆ ಎರಡು ದಿನಕ್ಕೊಮ್ಮೆ ಗುಂಟೆಗೆ 500 ಲೀಟರ್ ಕೊಡಲೇಬೇಕು; ನೀರು ಬೇಡದ ಹುಲ್ಲು ಎಂಬ ಮಾತು ಬೇರಿಳಿದ ಮೇಲಿನದು. ಮೊದಲ ಬೇಸಿಗೆಗೂ ಹದಿನೈದು ದಿನಕ್ಕೊಮ್ಮೆ 1,500 ಲೀಟರ್ ಇಟ್ಟುಕೊಳ್ಳಿ. ಯೂರಿಯಾ ಹಾಕಬೇಡಿ, ಅದನ್ನು ಮೊದಲು ಉಣ್ಣುವುದು ಕಸ.

ಮನೆ ಕಟ್ಟಿ ಮುಗಿದ ಜಾಗವಾದರೆ ಸಿಮೆಂಟ್ ಕಲಸಿದ ಕಡೆಗಳನ್ನು ಗುರುತಿಸಿ ಒಂದು ಅಡಿ ಮಣ್ಣು ತೆಗೆದು ಬದಲಿಸಿ. ಇಡೀ ಅಂಗಳ ಚೆನ್ನಾಗಿದ್ದು ಒಂದು ಕಡೆ ಮಾತ್ರ ದುಂಡಗೆ ಬೋಳಾಗಿ ಉಳಿದರೆ ಮೊದಲು ಅಗೆದು ನೋಡಬೇಕಾದದ್ದು ಅದನ್ನೇ.